ಹೆಸರು ಅವನದು, ಮುಖ ಆಕೆಯದು

ದೇವರು ನೋಡುತ್ತಾನೆ ಎಂದರೆ ನಿಮಗೆ ಭಯವಿಲ್ಲ. ಅಂಗಡಿಯಲ್ಲಿ ಕ್ಯಾಮೆರಾ ಇದೆ ಎಂದರೆ ಭಯ. ಹೌದೋ ಅಲ್ಲವೋ? ನಗಬೇಡಿ, ನಿಜ ಹೇಳಿ. ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಅದೇ ಕೈಯಿಂದ ತಕ್ಕಡಿ ಒತ್ತುತ್ತೀರಿ. ಮೇಲೊಂದು ಕ್ಯಾಮೆರಾ ಕಂಡರೆ ಬೆರಳು ತಾನಾಗಿ ಹಿಂದೆ ಸರಿಯುತ್ತದೆ. ಅದಕ್ಕೇ ಇವತ್ತಿನ ಪ್ರವಚನದಲ್ಲಿ ದೇವರ ಮಾತನ್ನು ಸ್ವಲ್ಪ ಬದಿಗಿಟ್ಟು ಕಂಪ್ಯೂಟರಿನ ಮಾತಾಡೋಣ. ಹಿಂದೆ ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ, ನಿಮ್ಮಲ್ಲಿ ಅರ್ಧ ಜನರ ಮನಸ್ಸು ಅತ್ತ ಹೋಗಿದೆ, ಅದೂ ಗೊತ್ತು. ಹೋಗಲಿ. ಹೊಟ್ಟೆ ಅತ್ತ ಇರಲಿ, ಕಿವಿ ಮಾತ್ರ ಇತ್ತ ಕೊಡಿ.

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಯಾವ ಊರು ಎಂದು ಕೇಳಬೇಡಿ, ಕೇಳಿದರೆ ನಿಮ್ಮೂರಿನ ಹೆಸರೇ ಬಾಯಿಗೆ ಬಂದೀತು. ಎರೆಹೊಲದ ಸೀಮೆ. ಹತ್ತಿ, ಮೆಣಸಿನಕಾಯಿ, ಬಿಳಿಜೋಳ ಬೆಳೆಯುವ ನೆಲ. ಜನ ಅವನನ್ನು ಸಾಹುಕಾರ ಎನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. ಕೆಟ್ಟವನಲ್ಲ, ನೋಡಿ. ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ. ಪುರಾಣ ಹಚ್ಚಿದರೆ ಮೊದಲ ಸಾಲಿನಲ್ಲಿ ಬಂದು ಕೂರುವವನು. ಮೊದಲ ಸಾಲಿನವರು ನನ್ನ ಮುಖ ಯಾಕೆ ನೋಡುತ್ತೀರಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ನಾನು ಆ ಊರಿನ ಮೊದಲ ಸಾಲಿನ ಮಾತು ಹೇಳುತ್ತಿದ್ದೇನೆ.

ಈ ಸಾಹುಕಾರನಿಗೆ ಒಂದು ಹೆಮ್ಮೆ. ನನ್ನಷ್ಟು ಪ್ರಾಮಾಣಿಕ ಈ ಊರಲ್ಲಿ ಮತ್ತೊಬ್ಬನಿಲ್ಲ ಎಂಬ ಹೆಮ್ಮೆ. ಹಣದ ಹೆಮ್ಮೆಗೆ ಮದ್ದುಂಟು, ಕಳ್ಳ ಬಂದರೆ ಇಳಿಯುತ್ತದೆ. ಸಾಚಾತನದ ಹೆಮ್ಮೆಗೆ ಮದ್ದೇ ಇಲ್ಲ. ಅದನ್ನು ಕದಿಯಲು ಯಾವ ಕಳ್ಳನೂ ಬರುವುದಿಲ್ಲ.

ಅವನ ಮನೆಯಲ್ಲಿ ಅವನ ಅಣ್ಣನ ಹೆಂಡತಿ ಇದ್ದಳು. ಅವನ ವೈನಿ. ಆಕೆ ಸೊಸೆಯಾಗಿ ಹೊಸಿಲು ದಾಟಿ ಬಂದಾಗ ಇವನಿನ್ನೂ ಮೂಗು ಸುರಿಸುವ ಮಗು, ತಾಯಿ ಇಲ್ಲದ ತಬ್ಬಲಿ. ಎತ್ತಿ ಆಡಿಸಿದವಳು ಆಕೆ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವಳು ಆಕೆ. ಆಕೆಗೆ ಮಕ್ಕಳಾಗಲಿಲ್ಲ. ಇವನೇ ಮಗ ಎಂದುಕೊಂಡಳು. ಅಣ್ಣ ನಡುವಯಸ್ಸಿಗೇ ತೀರಿಕೊಂಡ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ, ಅವರವರ ಹೊಲದಲ್ಲೇ ಅವರವರನ್ನು ಮಣ್ಣು ಮಾಡುತ್ತೇವೆ. ಹಾಗೇ ಅವನನ್ನೂ ಅವನ ಹೊಲದಲ್ಲೇ ಮಣ್ಣು ಮಾಡಿದರು. ಮೊದಲ ಹಿಡಿಮಣ್ಣು ಹಾಕಿದವನು ಈ ತಮ್ಮನೇ. ಹಾಕಿ, ಕೈ ತೊಳೆದುಕೊಂಡು ಊರಿಗೆ ಬಂದ. ಮುಂದೆ ಒಂದು ದಿನವಾದರೂ ಆ ಜಾಗಕ್ಕೆ ಹೋದನೇ? ಹೋಗಲಿಲ್ಲ. ಹೊಲ ಎಂದರೆ ಅವನಿಗೆ ಜೀಪಿನ ಕಿಟಕಿಯಿಂದ ಕಾಣುವ ಹಸಿರು.

ಅಣ್ಣ ಹೋದ ಮೇಲೆ ಅಣ್ಣನ ಪಾಲಿನ ಹೊಲವೂ ತಮ್ಮನ ಹೆಸರಿಗೇ ಬಂತು. ಕದ್ದನೇ? ಕದ್ದೆ ಎಂದು ಅವನಿಗೆ ಕನಸಿನಲ್ಲೂ ಅನಿಸಿರಲಿಲ್ಲ. "ಹೆಣ್ಣುಮಗಳು, ಕಚೇರಿ ಮೆಟ್ಟಿಲು ಎಲ್ಲಿ ಹತ್ತತಾಳ? ನಾ ಅದೀನಲ್ಲ, ನೋಡ್ಕೋತೀನಿ" ಅಂದ. ನೋಡಿಕೊಂಡನಪ್ಪ! ದೀಪಾವಳಿಗೊಂದು ಸೀರೆ, ಎರಡು ಹೊತ್ತು ಊಟ, ಹಿತ್ತಿಲ ಕಡೆ ಒಂದು ಕೋಣೆ. ಆಕೆ ಕೋಳಿ ಕೂಗುವ ಹೊತ್ತಿಗೆ ಎದ್ದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವಳು. ಆಳುಗಳ ಜೊತೆ ಕಳೆ ತೆಗೆಯುವಳು, ಹತ್ತಿ ಬಿಡಿಸುವಳು, ಮೆಣಸಿನಕಾಯಿ ಹರಿಯುವಳು. ಹೊತ್ತು ಮುಳುಗಿದ ಮೇಲೆ ಬರುವಳು. ಸಾಹುಕಾರನ ಮನಸ್ಸಿನಲ್ಲಿ ಏನಿತ್ತು ಗೊತ್ತೇ? ವಿಧವೆ ವೈನಿಯನ್ನು ಸಾಕುತ್ತಿದ್ದೇನೆ, ನನ್ನಂಥ ಧರ್ಮವಂತ ಯಾರಿದ್ದಾನೆ ಎಂದೇ ಇತ್ತು. ಯಾರು ಯಾರನ್ನು ಸಾಕುತ್ತಿದ್ದರು, ನೀವೇ ಹೇಳಿ.

ಹೀಗಿರುವಾಗ ಸರ್ಕಾರ ಒಂದು ಹೊಸ ವ್ಯವಸ್ಥೆ ತಂದಿತು. ಬೆಳೆಯ ಸಹಾಯಧನ ಇನ್ನು ಮಧ್ಯದವರ ಕೈಗೆ ಹೋಗುವುದಿಲ್ಲ, ಕಂಪ್ಯೂಟರ್ ನೇರವಾಗಿ ರೈತರ ಖಾತೆಗೆ ಹಾಕುತ್ತದೆ. ಆದರೆ ಹೊಲದಲ್ಲಿ ರೈತ ನಿಂತ ಫೋಟೋ ಬೇಕು. ಫೋಟೋ ಆ ಹೊಲದೊಳಗೇ ತೆಗೆದದ್ದಾಗಿರಬೇಕು. ಹೊಲದ ಗಡಿ ಮೊಬೈಲಿಗೆ ಗೊತ್ತು. ಇಷ್ಟಾದ ಮೇಲೆ ಯಾರ ಹೊಲ, ಏನು ಬೆಳೆ, ಯಾರ ಮುಖ ಎಲ್ಲವೂ ಬಹಿರಂಗ. ಯಾರು ಬೇಕಾದರೂ ನೋಡಬಹುದು. ಮುಚ್ಚುಮರೆ ಇಲ್ಲ.

ಈ ಸುದ್ದಿ ಕೇಳಿ ಊರಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಯಾರು? ನಮ್ಮ ಸಾಹುಕಾರ! ಪಂಚಾಯಿತಿ ಕಟ್ಟೆಯ ಮೇಲೆ ನಿಂತು ಮೀಸೆ ತಿರುವಿದ.

"ಈಗ ನೋಡ್ರೆಲಾ! ಬೀಳು ಬಿಟ್ಟ ಹೊಲಕ್ಕ ರೊಕ್ಕ ತಿಂದವ್ರ ಬಣ್ಣ ಎಲ್ಲಾ ಬಯಲಾಗತೈತಿ. ಮೊಬೈಲಿನಾಗ ನೋಡಿದ್ರ ಸಾಲೂದಿಲ್ಲ. ಗ್ರಾಮಸಭಾದಾಗ ದೊಡ್ಡ ಪರದೆ ಕಟ್ಟಿಸ್ರಿ, ಎಲ್ಲಾರ ಮುಂದ ತೋರಿಸ್ರಿ. ಪರದೆ ಖರ್ಚು ನಂದು!"

ಅಷ್ಟಕ್ಕೆ ನಿಲ್ಲಿಸಿದ್ದರೆ ಅವನ ಪುಣ್ಯ. ನಿಲ್ಲಿಸಲಿಲ್ಲ. "ಮೊದಲ ನನ್ನ ಹೊಲದಿಂದನ ಸುರು ಮಾಡ್ರಿ. ಸಾಚಾ ರೈತನ ಫೋಟೋ ಹೆಂಗಿರತೈತಿ ಅಂತ ಮಂದಿಗೆ ಗೊತ್ತಾಗಲಿ" ಅಂದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ಹಲ್ಲಿಗೆ ಬಾನಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಇವನು ಬಾನಿಯನ್ನು ತಾನೇ ತಂದಿಟ್ಟ, ಖರ್ಚನ್ನೂ ತಾನೇ ಕೊಟ್ಟ.

ಫೋಟೋ ತೆಗೆಯುವ ಕೆಲಸ ಊರ ವಾಲೀಕಾರನಿಗೆ ಬಿತ್ತು. ಡಂಗುರ ಸಾರುತ್ತಾ, ಕಚೇರಿಯ ಕಾಗದ ಮುಟ್ಟಿಸುತ್ತಾ ತಲೆ ನೆರೆತ ಮನುಷ್ಯ, ಅವನ ಕೈಗೆ ಸರ್ಕಾರದ ಮೊಬೈಲ್ ಬಂತು. ಮನೆಮನೆಗೆ ಹೋದರೆ ಒಬ್ಬರೂ ಹೊಲಕ್ಕೆ ಬರಲೊಲ್ಲರು. ಇವತ್ತು ಸಂತೆ, ನಾಳೆ ಮದುವೆ. ವಾಲೀಕಾರ ತಲೆ ಓಡಿಸಿದ. ಸೀಗೀಹುಣ್ಣಿಮೆಯ ದಿನ ಇಡೀ ಊರೇ ಹೊಲದಲ್ಲಿರುತ್ತದಲ್ಲ, ಆ ದಿನವೇ ಮುಗಿಸಿಬಿಡುತ್ತೇನೆ ಅಂದುಕೊಂಡ.

ಸೀಗೀಹುಣ್ಣಿಮೆ ನಿಮಗೆ ಹೇಳಿಕೊಡಬೇಕೇ? ಪೈರು ತುಂಬಿ ನಿಂತಾಗ ಭೂಮಿತಾಯಿ ಬಸುರಿ ಎಂದು ಆಕೆಗೆ ಬಯಕೆಯೂಟ ಒಯ್ಯುವ ಹಬ್ಬ. ಕಡಬು, ಹೋಳಿಗೆ, ಪುಂಡಿಪಲ್ಯ, ಮೊಸರಬುತ್ತಿ. ಅದನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ, ಅದಕ್ಕೆ ಚರಗ ಎನ್ನುತ್ತೇವೆ. ಚರಗ ಚೆಲ್ಲಬೇಕಾದವರು ಯಾರು? ಹೊಲದ ಒಡೆಯ. ಮಣ್ಣಿನ ಮಗ. ಸಾಹುಕಾರನ ಹೊಲದಲ್ಲಿ ಆ ಕೆಲಸ ಯಾರದು? ವೈನಿಯದು. ಸಾಹುಕಾರ ಆ ದಿನ ತಾಲೂಕಿನ ಊರಲ್ಲಿ ಶಾಲು ಹೊದಿಸಿಕೊಳ್ಳುತ್ತಿದ್ದ, ಪ್ರಗತಿಪರ ರೈತ ಎಂದು! ಅಲ್ಲಿಗೇ ವಾಲೀಕಾರ ಫೋನು ಮಾಡಿದ. ಸಾಹುಕಾರನಿಗೆ ಸಿಟ್ಟು ಬಂತು.

"ಏ, ಒಂದ್ ಫೋಟೋ ಸಲುವಾಗಿ ನಾ ಅಲ್ಲೀತನ ಬರಬೇಕೇನಲೇ? ಹೊಲದಾಗ ಯಾರದಾರೋ ಅವ್ರನ್ನ ನಿಲ್ಲಿಸಿ ಹೊಡ್ಕೋ. ಫೋಟೋದಾಗ ಏನೈತಿ?"

ಫೋಟೋದಾಗ ಏನೈತಿ! ಕೇಳಿದಿರಾ? ಈ ಮಾತು ನೆನಪಿಟ್ಟುಕೊಳ್ಳಿ. ವಾಲೀಕಾರ ಹೇಳಿದ್ದನ್ನು ಹೇಳಿದಂತೆ ಮಾಡಿದ. ಹೊಲದಲ್ಲಿದ್ದವರನ್ನು ನಿಲ್ಲಿಸಿ ಹೊಡೆದುಕೊಂಡ.

ಗ್ರಾಮಸಭೆಯ ದಿನ ಬಂತು. ಪಂಚಾಯಿತಿಯ ಅಂಗಳದಲ್ಲಿ ಬಿಳಿ ಪರದೆ, ಪರದೆಯ ತಲೆಯ ಮೇಲೆ "ಕೊಡುಗೆ" ಎಂದು ಬರೆದು ಸಾಹುಕಾರನ ಹೆಸರು. ಟ್ಯೂಬ್‌ಲೈಟು ದಾನ ಮಾಡಿ ಬೆಳಕೇ ಕಾಣದಂತೆ ಹೆಸರು ಬರೆಸುವ ಜನ ನಾವು, ಪರದೆ ಬಿಟ್ಟೇವೆಯೇ? ಮುಂದೆ ಕುರ್ಚಿಗಳಲ್ಲಿ ಗಂಡಸರು, ಹಿಂದೆ ನೆಲದ ಮೇಲೆ ಹೆಂಗಸರು. ವೈನಿಯೂ ಬಂದಿದ್ದಳು, ಕಂಬಕ್ಕೊರಗಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಪಟ್ಟಣದಿಂದ ಬಂದ ಕೃಷಿ ಅಧಿಕಾರಿ ಒಬ್ಬ ಹೆಣ್ಣುಮಗಳು. ಆಕೆ ಕಂಪ್ಯೂಟರಿನ ಗುಂಡಿ ಒತ್ತಿದಳು. ಸಾಹುಕಾರ ಶಾಲು ಸರಿಮಾಡಿಕೊಂಡ.

ಪರದೆಯ ಮೇಲೆ ಅವನ ಹೆಸರು ಬಂತು, ದಪ್ಪ ಅಕ್ಷರದಲ್ಲಿ. ಹೆಸರಿನ ಕೆಳಗೆ ಹತ್ತಿಯ ಹೊಲ. ಹೊಲದ ನಡುವೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಚರಗದ ಬುಟ್ಟಿ ಕಂಕುಳಲ್ಲಿ ಹಿಡಿದು ನಿಂತವಳು ವೈನಿ!

ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿ ಮುಂದಿನ ಹೊಲಕ್ಕೆ ಹೋದಳು. ಸಾಹುಕಾರನ ಹೆಸರು, ವೈನಿಯ ಮುಖ. ಮೆಣಸಿನಕಾಯಿ ಹೊಲ. ಸಾಹುಕಾರನ ಹೆಸರು, ವೈನಿಯ ಮುಖ. ಜೋಳದ ಹೊಲ. ಹೆಸರು ಅವನದು, ಮುಖ ಆಕೆಯದು! ನಕ್ಕವರ ನಗು ನಿಂತುಹೋಯಿತು. ಅಷ್ಟು ವರ್ಷ ಕಣ್ಣೆದುರೇ ಇದ್ದದ್ದನ್ನು ಜನ ಅವತ್ತು ಮೊದಲ ಸಲ ಕಂಡರು. ಪ್ರತಿ ಫೋಟೋದ ಕೆಳಗೂ ಕೆಂಪಗೆ ಒಂದೇ ಸಾಲು: ಮುಖ ಹೊಂದಿಕೆಯಾಗಿಲ್ಲ, ಪಾವತಿ ತಡೆಹಿಡಿಯಲಾಗಿದೆ.

ಸಾಹುಕಾರ ಎದ್ದು ಕೂಗಿದ, "ಕಂಪ್ಯೂಟರ್ ತಪ್ಪೈತಿ! ಸರಿ ಮಾಡ್ರಿ ಮೇಡಂ!"

"ಕಂಪ್ಯೂಟರ್ ತಾನಾಗೇ ಮುಖ ಹುಟ್ಟಿಸೂದಿಲ್ಲರಿ ಯಜಮಾನ್ರ. ಹೊಲದಾಗ ನಿಂತವ್ರ ಮುಖ ತೋರಿಸತೈತಿ. ಈ ಅಮ್ಮಾವ್ರು ಯಾರು?"

ಯಾರು? ಎಷ್ಟು ಸಣ್ಣ ಪ್ರಶ್ನೆ, ನೋಡಿ. ನಮ್ಮ ಅಣ್ಣನ ಹೆಂಡತಿ, ನನ್ನ ಸಾಕಿದಾಕಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಅಣ್ಣನ ಪಾಲಿನ ಹೊಲ ಎಲ್ಲಿ? ಊರೆಲ್ಲ ನೋಡುತ್ತಿದೆ, ಹೆಗಲ ಮೇಲೆ ಶಾಲಿದೆ. ಸಾಹುಕಾರ ಏನಂದ ಗೊತ್ತೇ?

"ಆಕಿ… ನಮ್ಮ ಕೂಲಿಯಾಕಿ ಬಿಡ್ರಿ."

ಶಿವ ಶಿವಾ! ಯಾವ ತೊಡೆಯ ಮೇಲೆ ಮಲಗಿ ಜ್ವರ ಕಳೆದನೋ, ಯಾವ ಕೈಯಿಂದ ತುತ್ತು ತಿಂದನೋ, ಆ ತಾಯಿಯನ್ನು ಕೂಲಿಯಾಕಿ ಅಂದ! ಇಡೀ ಊರಿನ ಮುಂದೆ ಅಂದ! ಅಧಿಕಾರಿ ಹಿಂದಕ್ಕೆ ತಿರುಗಿ, "ಹೌದೇನಬೇ ಯವ್ವಾ?" ಎಂದು ಕೇಳಿದಳು.

ವೈನಿ ಎದ್ದು ನಿಂತಳು. ಸಾಹುಕಾರ ನೆಲ ನೋಡುತ್ತಿದ್ದ. ಆಕೆ ಒಂದು ಗಳಿಗೆ ಅವನ ಬಗ್ಗಿದ ತಲೆ ನೋಡಿದಳು. ಆಮೇಲೆ ಅಂದಳು, "ಹೌದ್ರಿ. ತಮ್ಮ ಹೇಳಿದ್ರ ಹೌದು."

"ಮತ್ತ ಕೂಲಿ ಎಷ್ಟ್ ಕೊಡ್ತಾರ?"

"ಕೂಲಿ ಏನ್ರಿ?" ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮನಿಯಾಗ ಉಣ್ಣಾಕಿಗೆ ಕೂಲಿ ಯಾರ್ ಕೊಡ್ತಾರ್ರಿ?"

ಅವನ ಮಾನ ಉಳಿಸಲೆಂದು ಆ ತಾಯಿ ಸುಳ್ಳು ಹೇಳಿದಳು. ಆ ಸುಳ್ಳಿನ ಬೆನ್ನಿಗೇ ಬಂದ ಒಂದು ನಿಜ ಅವನ ಮಾನವನ್ನು ಬೀದಿಯಲ್ಲಿ ಹರವಿತು. ಹೆಂಗಸರ ನಡುವಿನಿಂದ ಯಾರೋ "ಅಯ್ಯಯ್ಯ" ಅಂದರು. ಸಾಹುಕಾರನಿಗೆ ಭೂಮಿ ಬಾಯಿ ತೆರೆಯಬಾರದೇ ಅನಿಸಿತು.

ಅಧಿಕಾರಿ ಬೈಯಲಿಲ್ಲ, ಕೂಗಾಡಲಿಲ್ಲ. "ನೋಡ್ರಿ ಯಜಮಾನ್ರ, ಹೆಸರಿಗೂ ಮುಖಕ್ಕೂ ತಾಳ ಕೂಡಬೇಕು. ಒಂದೋ ಹೆಸರು ಬದಲಿಸ್ರಿ, ಇಲ್ಲಾ ಮುಖ ಬದಲಿಸ್ರಿ. ಸಂಕ್ರಮಣದೊಳಗ ಆಗಬೇಕು. ಯಾವುದು ಅಂತ ನೀವ ತಿಳ್ಕೊಳ್ರಿ" ಅಂದಳು.

ಯಾವುದನ್ನು ಬದಲಿಸಿದ ಹೇಳಿ? ನೀವಾಗಿದ್ದರೆ ಯಾವುದನ್ನು ಬದಲಿಸುತ್ತಿದ್ದಿರಿ? ಹೆಸರು ಬದಲಿಸಿದರೆ ಹೊಲ ಹೋಗುತ್ತದೆ. ಮುಖ ಬದಲಿಸುವುದಕ್ಕೆ ಖರ್ಚೇನು? ಹೊಲಕ್ಕೆ ಹೋಗಿ ನಿಂತರಾಯಿತು. ಒಂದು ಹೊಲದಲ್ಲಿ ನಾನೇ ರೈತನೆಂದು ತೋರಿಸಿಬಿಟ್ಟರೆ ಊರವರ ಬಾಯಿಯೂ ಮುಚ್ಚುತ್ತದೆ, ತಡೆದ ಹಣವೂ ಬರುತ್ತದೆ, ಹೋದ ಮರ್ಯಾದೆಯೂ ಬರುತ್ತದೆ ಎಂದು ಲೆಕ್ಕ ಹಾಕಿದ. ಮರುದಿನವೇ ಇಸ್ತ್ರಿ ಮಾಡಿದ ಧೋತರ ಉಟ್ಟು, ಕಾಲಿಗೆ ಕರಕರ ಎನ್ನುವ ಹೊಸ ಚಪ್ಪಲಿ ಮೆಟ್ಟಿ, ವಾಲೀಕಾರನನ್ನು ಕರೆದುಕೊಂಡು ಹೊರಟ.

ಮೊದಲು ಹತ್ತಿ ಹೊಲ. ದಾರಿಯ ಬದಿಗೆ ಜೀಪು ನಿಲ್ಲಿಸಿ, ನಾಲ್ಕು ಹೆಜ್ಜೆ ಒಳಗಿಟ್ಟು, "ಹೂಂ, ಹೊಡಿ" ಅಂದ. ಮೊಬೈಲಿನೊಳಗಿಂದ ಒಂದು ಹೆಣ್ಣುದನಿ ಸಕ್ಕರೆಯಂತೆ ನುಡಿಯಿತು: "ನೀವು ಜಮೀನಿನ ಗಡಿಯ ಹೊರಗಿದ್ದೀರಿ."

"ಹೊರಗ? ಜಾಲಿಗಿಡದಿಂದ ಈಚೆ ನಮ್ದ ಅಲ್ಲೇನು?"

"ಜಾಲಿಗಿಡ ಕಡದು ಯಾವ ಕಾಲ ಆತ್ರಿ ಸಾಹುಕಾರ್ರ" ಅಂದ ವಾಲೀಕಾರ.

ಆ ಕಡೆ ಸರಿದು ನಿಂತ. "ನೀವು ಜಮೀನಿನ ಗಡಿಯ ಹೊರಗಿದ್ದೀರಿ." ಬದು ಹತ್ತಿದ, ಇಳಿದ. "ನೀವು ಜಮೀನಿನ ಗಡಿಯ ಹೊರಗಿದ್ದೀರಿ." ಪಕ್ಕದ ಹೊಲದವರು ಕೆಲಸ ಬಿಟ್ಟು ನೋಡುತ್ತಾ ನಿಂತರು. ಏನು ನಾಚಿಕೆಗೇಡು! ಅಪ್ಪ ಉತ್ತ ಹೊಲ, ಅಣ್ಣ ಬಿತ್ತಿದ ಹೊಲ, ಅನ್ನ ಕೊಟ್ಟ ಹೊಲ. ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಒಡೆಯನಿಗೆ ಗೊತ್ತಿಲ್ಲ. ಅವನ ಹೊಲವೇ ಅವನಿಗೆ ಹೊರಗಿದ್ದೀಯ, ಹೊರಗಿದ್ದೀಯ ಎಂದು ಹೇಳಿದ ಹಾಗೆ!

ದೂರದಲ್ಲಿ ಹತ್ತಿ ಬಿಡಿಸುತ್ತಿದ್ದ ವೈನಿ ತಲೆಯೆತ್ತಿ ನೋಡಿದಳು. "ತಮ್ಮಾ, ಅದು ನಮ್ದಲ್ಲೋ. ಈಕಡೆ ಬಾ, ನಾ ತೋರಿಸ್ತೀನಿ" ಎಂದು ಕೂಗಿದಳು. ನಿನ್ನೆ ಕೂಲಿಯಾಕಿ ಅನಿಸಿಕೊಂಡವಳ ಬಾಯಿ ಇವತ್ತೂ ತಮ್ಮಾ ಎಂದೇ ಕರೆಯಿತು. ಅವನಿಗೆ ಮುಖವೆತ್ತಿ ನೋಡಲಾಗಲಿಲ್ಲ. ಕೇಳದವನಂತೆ ಇನ್ನೊಂದು ಕಡೆಯಿಂದ ಹೊಲ ಹೊಕ್ಕ. ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ಭಾರವಾಯಿತು. ಧೋತರಕ್ಕೆ ಕೆಸರು ಸಿಡಿಯಿತು. ಒಳಗೆ ಒಂದು ಬನ್ನಿಮರ ಕಂಡಿತು. ಮರದ ಬುಡದಲ್ಲಿ ತುಸು ಎತ್ತರದ ಜಾಗ, ಸಗಣಿ ಸಾರಿಸಿದಂತೆ ಚೊಕ್ಕಟ. ಒಂದು ಕಳೆ ಇಲ್ಲ, ಒಂದು ಕಲ್ಲಿಲ್ಲ. ಫೋಟೋಕ್ಕೆ ಇದೇ ಒಳ್ಳೆಯ ಜಾಗ ಎಂದುಕೊಂಡು ಅದರ ಮೇಲೆ ಹತ್ತಿ, ಚಪ್ಪಲಿಯ ಮಣ್ಣನ್ನು ಅಲ್ಲೇ ಒರೆಸಿ, ಎದೆಯುಬ್ಬಿಸಿ ನಿಂತ.

ಮೊಬೈಲ್ ನುಡಿಯಿತು: "ನೀವು ಜಮೀನಿನ ಒಳಗಿದ್ದೀರಿ. ಕಣ್ಣು ಮಿಟುಕಿಸಿ."

"ಅಂತೂ ಬಂತು!" ಎಂದು ಸಾಹುಕಾರ ನಕ್ಕ. ಕಣ್ಣು ಮಿಟುಕಿಸಿದ. ಆ ಗಳಿಗೆಗೇ ಹತ್ತಿಯ ಸಾಲುಗಳನ್ನು ಸೀಳಿಕೊಂಡು ವೈನಿ ಓಡಿ ಬಂದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ಏರದ ದನಿ ಆಕೆಯ ಗಂಟಲಿನಿಂದ ಬಂತು.

"ಕಾಲ್ ತಗಿಯೋ! ಕಾಲ್ ತಗಿ! ನಿಮ್ಮಣ್ಣನ ಎದಿ ಮ್ಯಾಲ ನಿಂತೀಯಲ್ಲೋ!"

ಅವನಿಗೆ ಕಾಲು ಎತ್ತಲಾಗಲಿಲ್ಲ. ಎತ್ತಬೇಕೆಂದರೂ ಆಗಲಿಲ್ಲ. ಅಂದು ಈ ಜಾಗದಲ್ಲಿ ಮರವಿರಲಿಲ್ಲ. ತಲೆಯ ಕಡೆಗೆ ಆಕೆ ನೆಟ್ಟಿದ್ದು ಗೇಣುದ್ದದ ಬನ್ನಿಯ ಸಸಿ. ಅದು ಈಗ ನೆರಳು ಕೊಡುವ ಮರ. ಆಕೆ ಉಣ್ಣುವ ಮುಂಚೆ ದಿನಾ ಗುಡಿಸುತ್ತಿದ್ದ ಜಾಗ ಅದು. ಪ್ರತಿ ಸೀಗೀಹುಣ್ಣಿಮೆಗೆ ಚರಗದ ಮೊದಲ ಹಿಡಿ ಬೀಳುತ್ತಿದ್ದ ಜಾಗ. ಮಣ್ಣು ಕೊಟ್ಟವನಿಗೆ ಮರೆತುಹೋಗಿತ್ತು!

ಇನ್ನೂ ಘೋರ ಕೇಳಿ. ಅಷ್ಟರಲ್ಲಿ ಫೋಟೋ ಆಗಿಹೋಗಿತ್ತು. ಮೊಬೈಲಿನ ಮೇಲೆ ಹಸಿರು ಅಕ್ಷರ ಬಂತು: ಮುಖ ಹೊಂದಿಕೆಯಾಗಿದೆ. ಯಂತ್ರ ಒಪ್ಪಿಬಿಟ್ಟಿತು! ಯಂತ್ರಕ್ಕೆ ಏನು ಗೊತ್ತು ಪಾಪ? ಗಡಿ ಗೊತ್ತು, ಮುಖ ಗೊತ್ತು. ಕಾಲ ಕೆಳಗೆ ಯಾರು ಮಲಗಿದ್ದಾರೆ ಎಂದು ಗೊತ್ತಿಲ್ಲ. ವಾಲೀಕಾರ ಮೊಬೈಲನ್ನು ಮುಂದೆ ಹಿಡಿದು ಕೇಳಿದ, "ಸಾಹುಕಾರ್ರ… ಸರಿ ಅಂತ ಬಂದೈತ್ರಿ. ಕಳಿಸ್ಲೇನ್ರಿ?"

ಕಳಿಸಲೇ? ಒಂದು ಗುಂಡಿ ಒತ್ತಿದರೆ ಮುಗಿಯಿತು. ಹಣ ಬರುತ್ತದೆ, ಹೊಲ ಉಳಿಯುತ್ತದೆ, ಸರ್ಕಾರದ ಮುಂದೆ ಇವನೇ ರೈತ. ಯಾವ ಅಧಿಕಾರಿಯೂ ಕೇಳುವ ಹಾಗಿಲ್ಲ. ಸಾಹುಕಾರ ಆ ಫೋಟೋ ನೋಡಿದ. ಬಿಳಿ ಧೋತರ, ಉಬ್ಬಿದ ಎದೆ, ತುಟಿಯ ಮೇಲೆ ನಗು, ಚಪ್ಪಲಿ ಕಾಲಿನ ಕೆಳಗೆ ಅಣ್ಣ. ಇದೇ ಫೋಟೋ ತಾನೇ ದಾನ ಕೊಟ್ಟ ಪರದೆಯ ಮೇಲೆ ಊರಿಗೆಲ್ಲ ಕಾಣುತ್ತದೆ. ಊರಿನ ಮಾತು ಬಿಡಿ. ಊರಿಗೇ ಗೊತ್ತಾಗದಿದ್ದರೂ ಅವನಿಗೆ ಗೊತ್ತಲ್ಲ? ತಲೆಯೆತ್ತಿ ವೈನಿಯನ್ನು ನೋಡಿದ. ಆಕೆ ಇವನತ್ತ ನೋಡುತ್ತಲೇ ಇರಲಿಲ್ಲ. ಮೊಣಕಾಲೂರಿ ಕೂತು, ಅವನು ಒರೆಸಿದ ಚಪ್ಪಲಿಯ ಮಣ್ಣನ್ನು ಸೆರಗಿನಿಂದ ತೆಗೆಯುತ್ತಿದ್ದಳು, ಗಂಡನ ಮೈ ಒರೆಸಿದ ಹಾಗೆ.

"ಬ್ಯಾಡ" ಅಂದ. ಮತ್ತೆ ಅಂದ, "ಅಳಿಸಿಬಿಡು. ಮುಖ ಅಲ್ಲ, ಹೆಸರು ಬದಲಿಸಬೇಕು."

ಆಮೇಲೆ ಪಹಣಿ ಬರೆಯುವ ತಲಾಠಿಯ ಹತ್ತಿರ ಹೋದ. ಅಣ್ಣನ ಪಾಲಿನ ಹೊಲವಷ್ಟನ್ನೂ ವೈನಿಯ ಹೆಸರಿಗೆ ಮಾಡಿಸಬೇಕು ಅಂದ. "ಹೆಸರು ಹೇಳ್ರಿ" ಅಂದ ತಲಾಠಿ. ಸಾಹುಕಾರ ಬಾಯಿ ತೆರೆದ, ಮಾತು ಬರಲಿಲ್ಲ. ಹೆಸರು ಗೊತ್ತಿತ್ತು. ಆದರೆ ಆ ಹೆಸರು ಅವನ ನಾಲಿಗೆಯ ಮೇಲೆ ಹುಟ್ಟಿದಾಗಿನಿಂದ ಒಮ್ಮೆಯೂ ಬಂದಿರಲಿಲ್ಲ. ವೈನಿ, ಆಕಿ, ಮನಿಯಾಕಿ, ಕೂಲಿಯಾಕಿ. ಎಲ್ಲ ಬಂದಿತ್ತು, ಅದೊಂದನ್ನು ಬಿಟ್ಟು. ನಮ್ಮ ಈ ಕಥೆಯಲ್ಲೂ ಅಷ್ಟೇ, ಯಾರಿಗೂ ಹೆಸರಿಟ್ಟಿಲ್ಲ ನಾನು. ಆದರೆ ಈ ಒಂದು ಹೆಸರನ್ನು ಹೇಳಲೇಬೇಕು. ನೀಲಗಂಗವ್ವ. ನೀಲಗಂಗವ್ವ ಎಂದು ಆ ತಾಯಿಯ ಹೆಸರು.

ಆಕೆ ಅತ್ತು ಅಪ್ಪಿಕೊಂಡಳು, ಎಲ್ಲ ಮರೆತಳು ಎಂದು ಹೇಳಿ ನಿಮ್ಮನ್ನು ಸಂತೋಷಪಡಿಸಬಹುದು. ಹಾಗಾಗಲಿಲ್ಲ. ಬಹಳ ದಿನ ಆಕೆ ಅವನ ಜೊತೆ ಮಾತೇ ಆಡಲಿಲ್ಲ. ಮುಂದಿನ ಸೀಗೀಹುಣ್ಣಿಮೆಗೆ ಸಾಹುಕಾರ ಚರಗದ ಬುಟ್ಟಿ ತಾನೇ ಹೊತ್ತು ಹೊಲದ ಬದುವಿನವರೆಗೆ ಹೋಗಿ ನಿಂತ. ಒಳಗೆ ಕಾಲಿಡಲು ಧೈರ್ಯವಿಲ್ಲ, ಹಿಂದಕ್ಕೆ ಹೋಗಲು ಮನಸ್ಸಿಲ್ಲ. ನೀಲಗಂಗವ್ವ ಬನ್ನಿಮರದ ಕೆಳಗಿನಿಂದ ನೋಡಿದಳು. ಬಹಳ ಹೊತ್ತು ನೋಡಿದಳು. ಕೊನೆಗೆ ಅಂದಳು, "ಚಪ್ಪಲಿ ಬಿಟ್ಟು ಬಾ, ತಮ್ಮಾ."

ಅಷ್ಟೇ. ಕಥೆ ಮುಗಿಯಿತು.

ಮುಗಿಯಿತು ಎಂದು ನಿಟ್ಟುಸಿರು ಬಿಡಬೇಡಿ. ಕಥೆ ಆ ಊರಿನದು ಮುಗಿಯಿತು, ನಿಮ್ಮದು ಈಗ ಶುರು. ನಿಮ್ಮ ಹೊಲದ ಪಹಣಿಯಲ್ಲಿ ಯಾರ ಹೆಸರಿದೆ? ಆ ಹೊಲದಲ್ಲಿ ಬಗ್ಗಿದ ಬೆನ್ನು ಯಾರದು? ನಿಮ್ಮ ಅಂಗಡಿಯ ಬೋರ್ಡಿನ ಮೇಲೆ ಯಾರ ಹೆಸರು, ಕೋಳಿ ಕೂಗುವ ಹೊತ್ತಿಗೆ ಅದರ ಕದ ತೆರೆಯುವವರು ಯಾರು? ಸರ್ಕಾರ ಬೆಳಕು ಬಿಟ್ಟಿದೆ, ಯಾರು ಏನು ಪಡೆದರು ಎಂದು ಎಲ್ಲರೂ ನೋಡಬಹುದು. ಒಳ್ಳೆಯದು, ಬಹಳ ಒಳ್ಳೆಯದು. ಆದರೆ ಆ ಬೆಳಕನ್ನು ನೀವು ಯಾರ ಮೇಲೆ ಹಿಡಿಯುತ್ತೀರಿ? ಪಕ್ಕದವನ ಮೇಲೆ! ಮೊಬೈಲ್ ತೆರೆದು, ಅವನಿಗೆಷ್ಟು ಬಂತು, ಇವಳಿಗೆ ಹೇಗೆ ಬಂತು ಎಂದು ಹುಡುಕುತ್ತೀರಿ. ನಿಮ್ಮ ಹೆಸರನ್ನು ಹುಡುಕಿ ನೋಡಿದ್ದೀರಾ? ಅದರ ಕೆಳಗೆ ಇರಬೇಕಾದ ಮುಖ ಯಾವುದು ಎಂದು ಕೇಳಿಕೊಂಡಿದ್ದೀರಾ?

ಏನು ಮಾಡಬೇಕು ಎನ್ನುತ್ತೀರಾ? ದೊಡ್ಡ ತಪಸ್ಸು ಬೇಡ. ನಾಳೆ ನಿಮ್ಮ ಹೊಲಕ್ಕೆ ಹೋಗಿ, ಬರಿಗಾಲಿನಲ್ಲಿ ಹೋಗಿ, ನಾಲ್ಕೂ ಬದು ನಡೆದು ಬನ್ನಿ. ತಂಗಿಯ ಪಾಲು, ವೈನಿಯ ಪಾಲು, ತಾಯಿಯ ಪಾಲು ನಿಮ್ಮ ಹೆಸರಿನ ಕೆಳಗೆ ಅಡಗಿದ್ದರೆ ಸಂಕ್ರಮಣ ಕಾಯಬೇಡಿ, ಅಧಿಕಾರಿ ಬರಲೆಂದು ಕಾಯಬೇಡಿ. ಅವರ ಹೆಸರಿಗೆ ಮಾಡಿಸಿಕೊಡಿ. ದುಡಿದವರ ಕೂಲಿಯನ್ನು ಊಟ ಹಾಕಿದ್ದೇನಲ್ಲ ಎಂದು ಮುರಿದುಕೊಳ್ಳಬೇಡಿ. ಗ್ರಾಮಸಭೆಗೆ ಹೋದಾಗ ಮೊದಲು ನನ್ನದು ತೋರಿಸಿ ಎಂದು ಧಾರಾಳವಾಗಿ ಹೇಳಿ. ಆದರೆ ಹೇಳುವ ಮುಂಚೆ ಮನೆಯಲ್ಲಿ ಒಮ್ಮೆ ನೋಡಿಕೊಂಡು ಹೋಗಿ.

ಇನ್ನೊಂದು ಮಾತು, ಇದು ನಾಳೆಯದಲ್ಲ, ಈಗಿನದು. ಹೊರಗೆ ಇಂದಿನ ಪ್ರಸಾದದ ದಾನಿಗಳ ಫ್ಲೆಕ್ಸ್ ಕಟ್ಟಿದ್ದಾರೆ. ಹೆಸರೂ ಇದೆ, ಮುಖವೂ ಇದೆ, ಚೆನ್ನಾಗಿದೆ. ಆದರೆ ನಾನು ಮಾತು ಶುರು ಮಾಡಿದಾಗ ಹಿಂದೆ ರೊಟ್ಟಿ ಬಡಿಯುವ ಸದ್ದಿತ್ತು. ಈಗಲೂ ಇದೆ, ಕೇಳಿ. ಒಂದು ಗಳಿಗೆಯೂ ನಿಂತಿಲ್ಲ. ಆ ಹೊಗೆಯಲ್ಲಿ ಕೂತ ತಾಯಂದಿರ ಮುಖ ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ಇವತ್ತು ನೇರವಾಗಿ ಪಂಕ್ತಿಗೆ ಹೋಗಿ ಕೂರಬೇಡಿ. ಮೊದಲು ಒಲೆಯ ಹತ್ತಿರ ಹೋಗಿ. ಚಪ್ಪಲಿ ಹೊರಗೆ ಬಿಟ್ಟು ಹೋಗಿ. ಅವ್ವಾ, ನಿನ್ನ ಹೆಸರೇನು ಎಂದು ಕೇಳಿ. ಹೆಸರು ಕೇಳಿಕೊಂಡ ಮೇಲೆ ಬಂದು ಉಣ್ಣಿ.